ಚೆನ್ನೈ ಸುತ್ತ ನಾಯಿ ಜತೆ ಕಾಡಿನ ನಡಿಗೆ: ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು? ಉಣ್ಣೆ ಜ್ವರಕ್ಕೂ ಮದ್ರಾಸಿಗೂ ಏನು ನಂಟು?

ಚೆನ್ನೈ: ಈಶಾನ್ಯ ಮುಂಗಾರು ಮಳೆ ನಿಂತು ಪೊಂಗಲ್ ಹತ್ತಿರ ಬಂದರೆ ಚೆನ್ನೈಯಲ್ಲಿ ನಾಯಿ ಸಾಕಿದವರಿಗೆ ಹುರುಪು ಬರುತ್ತದೆ. ಬೆಳಗ್ಗೆ ಆರಕ್ಕೆ ಹೊರಟರೂ ಬೆವರು ಸುರಿಯದ ಎರಡು ತಿಂಗಳು ಇವು. ವರ್ಷವಿಡೀ ಅಪಾರ್ಟ್‌ಮೆಂಟ್ ಲಿಫ್ಟು, ಪಾರ್ಕಿಂಗ್ ಕಂಬ, ಬೆಸೆಂಟ್ ನಗರದ ಮರಳು ಇಷ್ಟನ್ನೇ ಮೂಸಿಕೊಂಡಿದ್ದ ನಾಯಿಯನ್ನು ಕಾರಿಗೆ ಹತ್ತಿಸಿಕೊಂಡು ಒಂದಿಷ್ಟು ಮರಗಿಡ ತೋರಿಸಿ ಬರೋಣ ಎನ್ನುವವರು ಈಗ ಹೆಚ್ಚಾಗಿದ್ದಾರೆ.

ಕನ್ನಡಿಗರಿಗೆ ಈ ಆಸೆ ಹಳೆಯದು. ಪೂರ್ಣಚಂದ್ರ ತೇಜಸ್ವಿ ಅವರ 'ಪರಿಸರದ ಕತೆ' ಓದಿದವರಿಗೆ ಕಿವಿ ಎಂಬ ನಾಯಿಯನ್ನು ಪರಿಚಯಿಸಬೇಕಿಲ್ಲ. ಅದನ್ನು ಓದಿ ನಾಯಿ ಸಾಕಿದವರೂ ಇದ್ದಾರೆ. ಆದರೆ ಕಿವಿ ಇದ್ದದ್ದು ಮೂಡಿಗೆರೆಯ ಕಾಫಿ ತೋಟದಲ್ಲಿ, ಮನೆ ಬಾಗಿಲು ದಾಟಿದರೆ ಕಾಡು. ಚೆನ್ನೈಯ ಲೆಕ್ಕ ಬೇರೆ. ಇಲ್ಲಿ ಕಾಡು ಎಂಬುದು ಊರಿನ ನಡುವೆ ಉಳಿದ ತುಣುಕುಗಳು. ಆ ತುಣುಕುಗಳಿಗೆ ನಾಯಿಯಿಂದಲೂ, ನಾಯಿಗೆ ಆ ತುಣುಕುಗಳಿಂದಲೂ ಆಗಬಹುದಾದ ತೊಂದರೆ ಬಗ್ಗೆ ಹೊರಡುವ ಮುನ್ನ ತಿಳಿದಿರುವುದು ಒಳ್ಳೆಯದು.

ಇಲ್ಲಿಗೆ ನಾಯಿ ಬೇಡ

ಮೊದಲು ಗಿಂಡಿ. ಸುಮಾರು 2.7 ಚದರ ಕಿಲೋಮೀಟರ್‌ನ ಗಿಂಡಿ ರಾಷ್ಟ್ರೀಯ ಉದ್ಯಾನ ದೇಶದ ಅತಿ ಸಣ್ಣ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು. 1978ರಲ್ಲಿ ಅದಕ್ಕೆ ಆ ಸ್ಥಾನ ಸಿಕ್ಕಿತು. ಪಕ್ಕದಲ್ಲೇ ರಾಜಭವನ, ಅದಕ್ಕೆ ಹೊಂದಿಕೊಂಡು ಐಐಟಿ ಮದ್ರಾಸ್. ಕೃಷ್ಣಮೃಗ, ಚುಕ್ಕೆ ಜಿಂಕೆಗಳು ಮಹಾನಗರದ ಹೊಟ್ಟೆಯೊಳಗೆ ಬದುಕುತ್ತಿರುವ ಜಾಗ ಇದು. ಐಐಟಿ ಆವರಣದಲ್ಲಿ ಬೀದಿನಾಯಿಗಳು ಜಿಂಕೆ ಮೇಲೆರಗುತ್ತಿವೆ ಎಂಬ ದೂರು, ಹಿಡಿದ ನಾಯಿಗಳನ್ನು ಕೂಡಿಹಾಕಿದ್ದು ಸರಿಯಲ್ಲ ಎಂಬ ಪ್ರತಿದೂರು ಎರಡೂ ಕೆಲವು ವರ್ಷಗಳ ಹಿಂದೆ ದೊಡ್ಡ ಸುದ್ದಿಯಾಗಿ ಕೋರ್ಟ್ ತನಕ ಹೋಗಿದ್ದವು. ಎರಡೂ ಕಡೆಯವರ ಸಂಕಟ ನಿಜವೇ ಆಗಿತ್ತು.

ವಂಡಲೂರು ಮೃಗಾಲಯದ ಸುತ್ತಲಿನ ಕಾಡು, ಮೇಡವಾಕ್ಕಂ ಕಡೆಯ ನನ್ಮಂಗಲಂ ಮೀಸಲು ಅರಣ್ಯ, 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಪಳ್ಳಿಕರಣೈ ಜೌಗು, ವೇಡಂತಾಂಗಲ್ ಪಕ್ಷಿಧಾಮ, ಇವು ಯಾವುವೂ ನಾಯಿ ಕರೆದೊಯ್ಯುವ ಜಾಗಗಳಲ್ಲ. ನನ್ಮಂಗಲಂನ ಹಳೆಯ ಕಲ್ಲುಕ್ವಾರಿಯಲ್ಲಿ ಕೊಂಬಿನ ಗೂಬೆ ಗೂಡು ಮಾಡುತ್ತದೆ. ಬೇಲಿ ಅಲ್ಲಲ್ಲಿ ಹರಿದಿದೆ, ಕೇಳುವವರಿಲ್ಲ ಎಂದು ಒಳನುಗ್ಗುವವರನ್ನು ನೋಡಿದ್ದೇವೆ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಡುವುದು ಮನುಷ್ಯನಿಗೇ ಅಪರಾಧ, ನಾಯಿಯ ಮಾತು ಆಮೇಲೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. 'ಬೇಟೆ' ಎಂದರೆ ಏನು ಎಂದು ವಿವರಿಸುವಾಗ ಕಾಯ್ದೆ ಕೊಲ್ಲುವುದನ್ನು ಮಾತ್ರ ಹೇಳಿ ನಿಲ್ಲಿಸಿಲ್ಲ. ಬೆನ್ನಟ್ಟಿ ಓಡಿಸುವುದನ್ನೂ, ಹಾಗೆ ಮಾಡುವ ಪ್ರಯತ್ನವನ್ನೂ ಬೇಟೆಯೆಂದೇ ಎಣಿಸಿದೆ. ಅಲ್ಲಿ ಬಳಸಿರುವ 'ಕೋರ್ಸಿಂಗ್' ಎಂಬ ಪದದ ಮೂಲ ಅರ್ಥವೇ ನಾಯಿ ಬಿಟ್ಟು ಪ್ರಾಣಿಯನ್ನು ಅಟ್ಟುವುದು. ನನ್ನ ನಾಯಿ ಆಟಕ್ಕೆ ಓಡಿತು, ಕಚ್ಚಲಿಲ್ಲ ಎಂದು ಮಾಲೀಕ ವಾದಿಸಬಹುದು. ಜಿಂಕೆಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದೇ ಸಮನೆ ಅಟ್ಟಿಸಿಕೊಂಡ ಜಿಂಕೆಯ ಸ್ನಾಯುಗಳು ಒಳಗೊಳಗೇ ಹಾಳಾಗಿ, ಮೈಮೇಲೆ ಒಂದು ಗಾಯವೂ ಇಲ್ಲದೆ ಗಂಟೆಗಳ ಅಥವಾ ದಿನಗಳ ನಂತರ ಅದು ಸಾಯುವುದುಂಟು. ಅಷ್ಟು ಹೊತ್ತಿಗೆ ನಾಯಿ ಮನೆಯ ಸೋಫಾ ಮೇಲೆ ನಿದ್ದೆ ಹೊಡೆಯುತ್ತಿರುತ್ತದೆ, ಮಾಲೀಕನಿಗೆ ವಿಷಯವೇ ತಿಳಿಯುವುದಿಲ್ಲ.

ಹಾಗಾದರೆ ಎಲ್ಲಿಗೆ ಹೋಗುವುದು?

ಉತ್ತರ ಸರಳ: ಯಾರದ್ದಾದರೂ ತೋಪಿಗೆ. ಈಸ್ಟ್ ಕೋಸ್ಟ್ ರೋಡ್‌ನಲ್ಲಿ ಕೋವಳಂ ದಾಟಿ ಮಾಮಲ್ಲಪುರಂ ಕಡೆ ಹೋದರೆ ಇನ್ನೂ ಸರ್ವೆ ಮರದ ತೋಪುಗಳು ಸಿಗುತ್ತವೆ. ತಮಿಳಿನಲ್ಲಿ ಸವುಕ್ಕು ತೋಪು ಎನ್ನುತ್ತಾರೆ. ಕೆಳಗೆ ಸೂಜಿಯಂಥ ಒಣ ಎಲೆಯ ಮೆತ್ತನೆ ಹಾಸು, ಮೇಲೆ ಸಮುದ್ರದ ಗಾಳಿಗೆ ಸುಂಯ್‌ಗುಡುವ ಕೊಂಬೆಗಳು. ಪೊದೆ ಕಡಿಮೆ ಇರುವುದರಿಂದ ನಾಯಿ ಎಲ್ಲಿದೆ, ಮುಂದೆ ಏನಿದೆ ಎಂಬುದು ಚೆನ್ನಾಗಿ ಕಾಣುತ್ತದೆ. ಚೆಂಗಲ್ಪಟ್ಟು, ತಿರುವಳ್ಳೂರು ಕಡೆ ಮಾವಿನ ತೋಪು, ತೆಂಗಿನ ತೋಟಗಳಿವೆ. ತೋಪಿನವರನ್ನು ಕೇಳಿ ಹೋಗಬೇಕು. ಕೇಳಿದರೆ ಬೇಡ ಎನ್ನುವವರು ಕಡಿಮೆ. ಹಳ್ಳಿಯ ಹಸು, ಆಡು, ಕೋಳಿಗಳ ತಂಟೆಗೆ ಹೋಗದಂತೆ ಹಗ್ಗ ಕೈಯಲ್ಲಿರಬೇಕು, ಅಷ್ಟೇ. ಇನ್ನೊಂದು ಮಾತು, ಹಳ್ಳಿ ಪಕ್ಕದ ಕೋಯಿಲ್ ಕಾಡು ಅಂದರೆ ನಮ್ಮ ದೇವರಕಾಡು. ಅಲ್ಲಿಗೂ ನಾಯಿ ಒಯ್ಯಬೇಡಿ. ಕೋರಮಂಡಲ ಕರಾವಳಿಯ ಮೂಲ ಒಣ ನಿತ್ಯಹರಿದ್ವರ್ಣ ಕಾಡು ಈಗ ಉಳಿದಿರುವುದು ಹೆಚ್ಚಾಗಿ ಇಂಥ ದೇವರಕಾಡುಗಳಲ್ಲೇ.

ತೋಪಿಗೆ ಹೋದ ಮೇಲೆ ಅವಸರ ಬೇಡ. ಮನುಷ್ಯ ಕಾಡಿಗೆ ಹೋಗುವುದು ನೋಡಲು, ನಾಯಿ ಹೋಗುವುದು ಮೂಸಲು. ನಮಗಿಂತ ಹತ್ತಾರು ಪಟ್ಟು ಹೆಚ್ಚು ವಾಸನೆಯ ಗ್ರಾಹಕ ಕೋಶಗಳು ಅದರ ಮೂಗಿನಲ್ಲಿವೆ. ರಾತ್ರಿ ಮುಂಗುಸಿ ಹಾದುಹೋದ ಜಾಗ, ನವಿಲು ಕೆದರಿದ ಮಣ್ಣು, ನಿನ್ನೆ ಆಡು ಕಟ್ಟಿದ್ದ ಬೇಲಿಗೂಟ, ಒಂದೊಂದನ್ನೂ ಅದು ನಿಧಾನವಾಗಿ ಓದಬೇಕು. ಐದು ಕಿಲೋಮೀಟರ್ ಎಳೆದುಕೊಂಡು ಓಡುವುದಕ್ಕಿಂತ ಐದು ಅಥವಾ ಹತ್ತು ಮೀಟರ್‌ನ ಉದ್ದ ಹಗ್ಗ ಹಾಕಿ ಅದರ ಪಾಡಿಗೆ ಅದನ್ನು ಬಿಟ್ಟು ಅರ್ಧ ಗಂಟೆ ಹಿಂದೆ ನಡೆದು ನೋಡಿ. ಮನೆಗೆ ಬಂದು ದಿನವಿಡೀ ಮಲಗುತ್ತದೆ. ಚಪ್ಪಲಿ ಕಡಿಯುವ ನಾಯಿಗೆ ಇದಕ್ಕಿಂತ ಒಳ್ಳೆಯ ಔಷಧ ನಮಗೆ ಗೊತ್ತಿಲ್ಲ.

ತಳಿಯ ಬಗ್ಗೆ ಒಂದು ಮಾತು. ತಮಿಳುನಾಡಿನ ಚಿಪ್ಪಿಪಾರೈ, ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ಇವು ಕಣ್ಣಿಂದ ಬೇಟೆ ಹುಡುಕುವ ನಾಯಿಗಳು. ದೂರದಲ್ಲಿ ಮೊಲವೊಂದು ಅಲುಗಿದರೆ ಸಾಕು, ನೀವು ಹೆಸರು ಕೂಗುವಷ್ಟರಲ್ಲಿ ಅವು ಕಣ್ಮರೆ. ಎಷ್ಟೇ ತರಬೇತಿ ಕೊಟ್ಟಿದ್ದರೂ ಇವುಗಳ ಹಗ್ಗ ಬಿಚ್ಚಬಾರದು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವು ಓಡಿಹೋಗುವ ಭಯವಿಲ್ಲ, ಆದರೆ ಅವುಗಳಿಗೆ ಉಸಿರಾಟದ್ದೇ ಕಷ್ಟ. ಟಿವಿ ಜಾಹೀರಾತು ನೋಡಿ ಪಗ್ ಕೊಂಡವರೆಲ್ಲ ಇದನ್ನು ಬೇಸಿಗೆಯಲ್ಲಿ ಕಲಿತಿದ್ದಾರೆ.

1910ರ ಮದ್ರಾಸ್, ಬೇಟೆನಾಯಿಗಳ ರಕ್ತ

ಈಗ ಮುಖ್ಯ ವಿಷಯಕ್ಕೆ ಬರೋಣ. ಚೆನ್ನೈಯಲ್ಲಿ ನಾಯಿ ಸಾಕಿದವರು ಹೆಚ್ಚು ಹೆದರುವುದು 'ಟಿಕ್ ಫೀವರ್' ಎಂಬ ಎರಡು ಪದಗಳಿಗೆ. ಈ ಜ್ವರದ ಒಂದು ಮುಖ್ಯ ರೋಗಾಣು ಲೋಕಕ್ಕೆ ಮೊದಲು ಗೊತ್ತಾದದ್ದೇ ಈ ಊರಿನಲ್ಲಿ.

ಬ್ರಿಟಿಷರ ಕಾಲದಲ್ಲಿ ಇಲ್ಲಿ 'ಮದ್ರಾಸ್ ಹಂಟ್' ಎಂಬ ಬೇಟೆ ಕೂಟವಿತ್ತು. ಇಂಗ್ಲೆಂಡಿನಲ್ಲಿ ಕುದುರೆ ಏರಿ, ನಾಯಿಗಳ ಹಿಂಡು ಬಿಟ್ಟು ಕೆಂಪು ನರಿ ಅಟ್ಟುತ್ತಿದ್ದ ದೊರೆಗಳು ಭಾರತಕ್ಕೆ ಬಂದ ಮೇಲೆ ನಮ್ಮ ಊಳಿಡುವ ನರಿಯನ್ನು ಅಟ್ಟತೊಡಗಿದರು. 1910ರಲ್ಲಿ ಡಬ್ಲ್ಯೂ. ಎಸ್. ಪ್ಯಾಟನ್ ಎಂಬ ವೈದ್ಯ ವಿಜ್ಞಾನಿ ಆ ಕೂಟದ ನಾಯಿಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಂಪು ರಕ್ತಕಣಗಳ ಒಳಗೆ ಅದುವರೆಗೆ ವರದಿಯಾಗಿರದ ಸಣ್ಣ ಪರಾವಲಂಬಿಯೊಂದು ಕಂಡಿತು. ಹುಡುಕಿದರೆ ಅದೇ ಜೀವಿ ನರಿಗಳ ರಕ್ತದಲ್ಲೂ ಇತ್ತು. ಅದೇ ಇಂದಿನ ಬಬೇಸಿಯಾ ಗಿಬ್ಸೋನಿ. ಇಂದು ಏಷ್ಯಾದ ಅನೇಕ ದೇಶಗಳು, ಆಸ್ಟ್ರೇಲಿಯಾ, ಅಮೆರಿಕದ ತನಕ ಪಶುವೈದ್ಯರ ಪುಸ್ತಕಗಳಲ್ಲಿ ಈ ಹೆಸರಿದೆ.

ಕಾಡಿನ ನರಿಗೂ ಸಾಕಿದ ನಾಯಿಗೂ ಒಂದೇ ರೋಗಾಣು ಹೇಗೆ ಬಂತು? ನಡುವೆ ಇದ್ದದ್ದು ಉಣ್ಣೆ. ಮಲೆನಾಡಿನವರು ಉಣುಗು ಎನ್ನುವ ಅದೇ ಹುಳು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡ ಮೇಲೆ ಕರ್ನಾಟಕದಲ್ಲಿ ಉಣುಗಿನ ಹೆಸರು ಕೇಳದವರಿಲ್ಲ. ಕಾಡಿನ ಉಣ್ಣೆ ಹುಲ್ಲಿನ ತುದಿಯಲ್ಲಿ ಕಾದು ಕುಳಿತು, ಹಾದುಹೋಗುವ ಪ್ರಾಣಿಗೆ ಹತ್ತಿಕೊಳ್ಳುತ್ತದೆ. ಹಸು, ಮೊಲ, ನರಿ, ನಾಯಿ ಯಾವುದಾದರೂ ಸರಿ.

ಆದರೆ ಎಲ್ಲ ತಪ್ಪನ್ನೂ ಕಾಡಿನ ಮೇಲೆ ಹೊರಿಸುವುದು ಸರಿಯಲ್ಲ. ಚೆನ್ನೈ ನಾಯಿಗಳ ದೊಡ್ಡ ಶತ್ರು ಕಂದು ಬಣ್ಣದ ನಾಯಿ ಉಣ್ಣೆ, ಅದು ಕಾಡಿನದ್ದಲ್ಲ, ಮನೆಯದ್ದು. ಗೂಡಿನ ಸಂದಿ, ಗೋಡೆ ಬಿರುಕು, ಸೋಫಾ ಅಡಿ ಅದರ ಸಂಸಾರ. ಒಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ. ಚಳಿಗಾಲ ಎಂಬುದೇ ಇಲ್ಲದ ಊರಿನಲ್ಲಿ ಅದಕ್ಕೆ ರಜೆಯೂ ಇಲ್ಲ. ಎರ್ಲಿಕಿಯಾ ಎಂಬ ಇನ್ನೊಂದು ರೋಗಾಣುವನ್ನು ಹೊತ್ತು ತರುವುದು ಇದೇ. ವಾರಕ್ಕೊಮ್ಮೆ ತೋಪಿಗೆ ಹೋಗುವ ನಾಯಿಗಿಂತ, ಉಣ್ಣೆ ತುಂಬಿದ ಬೋರ್ಡಿಂಗ್‌ನಲ್ಲಿ ಎರಡು ದಿನ ಇದ್ದು ಬಂದ ನಾಯಿಗೆ ಅಪಾಯ ಹೆಚ್ಚಿರಬಹುದು.

ಜ್ವರ ಕೂಡಲೇ ಬರುವುದಿಲ್ಲ, ಮೋಸ ಹೋಗುವುದು ಅಲ್ಲೇ. ಭಾನುವಾರ ನಡಿಗೆ, ಸೋಮವಾರ ನಾಯಿ ಸರಿಯಾಗಿಯೇ ಇದೆ. ಒಂದರಿಂದ ಮೂರು ವಾರ ಕಳೆದ ಮೇಲೆ ಒಂದು ದಿನ ಊಟ ಮುಟ್ಟುವುದಿಲ್ಲ. ಸೆಕೆಗೆ ಇರಬೇಕು ಎಂದುಕೊಳ್ಳುತ್ತೇವೆ, ಮೊಸರನ್ನ ಹಾಕುತ್ತೇವೆ. ತುಟಿ ಎತ್ತಿ ನೋಡಿದರೆ ಗುಲಾಬಿ ಇರಬೇಕಾದ ಒಸಡು ಬಿಳಿಚಿಕೊಂಡಿರುತ್ತದೆ. ಮೂತ್ರ ಕಂದು ಬಣ್ಣಕ್ಕೆ ತಿರುಗುವುದು, ಮೂಗಿನಿಂದ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ, ಮೆಟ್ಟಿಲು ಹತ್ತಲು ಹಿಂಜರಿಕೆ, ಇವು ಕಂಡರೆ ಅಂದೇ ರಕ್ತ ಪರೀಕ್ಷೆ ಆಗಬೇಕು. ಎರ್ಲಿಕಿಯಾಗೆ ಸಾಮಾನ್ಯವಾಗಿ ನಾಲ್ಕು ವಾರಗಳ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಬಬೇಸಿಯಾ ಗಿಬ್ಸೋನಿ ಹೆಚ್ಚು ಹಟಮಾರಿ. ದೊಡ್ಡ ಬಬೇಸಿಯಾಗೆ ಕೆಲಸ ಮಾಡುವ ಇಂಜೆಕ್ಷನ್‌ಗೆ ಇದು ಸರಿಯಾಗಿ ಬಗ್ಗುವುದಿಲ್ಲ, ಬೇರೆ ಔಷಧಗಳ ಜೋಡಿ ಬೇಕು, ಗುಣವಾದಂತೆ ಕಂಡು ಮತ್ತೆ ಮರಳುವುದೂ ಇದೆ. ಹೀಗಾಗಿ ಯಾವ ರೋಗಾಣು ಎಂದು ತಿಳಿಯದೆ ಪಕ್ಕದ ಮನೆಯವರು ಹೇಳಿದ ಮಾತ್ರೆ ಕೊಡುವುದು ಸಮಯ ಕಳೆದಂತೆ. ಜ್ವರ ಇದೆ ಎಂದು ಮನುಷ್ಯರ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಟ್ಟರಂತೂ ನಾಯಿಯ ಯಕೃತ್ತು, ಮೂತ್ರಪಿಂಡಕ್ಕೇ ಕುತ್ತು.

ತಡೆಯುವುದು ಇದಕ್ಕಿಂತ ಅಗ್ಗ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಉಣ್ಣೆ ನಿರೋಧಕ ಮಾತ್ರೆಗಳಿವೆ, ಕತ್ತಿನ ಹಿಂದೆ ಹಾಕುವ ದ್ರವವಿದೆ, ಕೊರಳಪಟ್ಟಿ ಇದೆ. ನಾಯಿಯ ತೂಕ, ವಯಸ್ಸು, ಫಿಟ್ಸ್ ಇತಿಹಾಸ ನೋಡಿ ವೈದ್ಯರು ಹೇಳುತ್ತಾರೆ. ಮನೆಯಲ್ಲಿ ಬೆಕ್ಕಿದ್ದರೆ ಅದನ್ನೂ ಹೇಳಿ, ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ರೋಗ ಕಾಡಿಗೂ ಹೋಗುತ್ತದೆ

ಮದ್ರಾಸ್ ಹಂಟ್‌ನ ಕಥೆಗೆ ಇನ್ನೊಂದು ಮಗ್ಗುಲಿದೆ. ನರಿ ಮತ್ತು ನಾಯಿ ಒಂದೇ ಪರಾವಲಂಬಿ ಹಂಚಿಕೊಳ್ಳುವುದಾದರೆ ರೋಗದ ದಾರಿ ಎರಡೂ ಕಡೆಗೆ ತೆರೆದಿರುತ್ತದೆ. 2018ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತವು. ಪರೀಕ್ಷೆಯಲ್ಲಿ ಕಂಡದ್ದು ಎರಡು: ನಾಯಿಗಳ ಡಿಸ್ಟೆಂಪರ್ ವೈರಸ್ ಮತ್ತು ಉಣ್ಣೆ ಹರಡುವ ಬಬೇಸಿಯಾ ಸೋಂಕು. ಅದಕ್ಕೂ ಮೊದಲು 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಇದೇ ಡಿಸ್ಟೆಂಪರ್‌ಗೆ ಸುಮಾರು ಸಾವಿರ ಸಿಂಹಗಳು ಬಲಿಯಾಗಿದ್ದವು. ಅಲ್ಲೂ ಬಬೇಸಿಯಾ ಜತೆಗೂಡಿದ್ದರಿಂದಲೇ ಸಾವು ಅಷ್ಟಾಯಿತು ಎಂದು ನಂತರದ ಅಧ್ಯಯನ ತೋರಿಸಿತು. ಸುತ್ತಲಿನ ಹಳ್ಳಿ ನಾಯಿಗಳಿಂದ ವೈರಸ್ ಕಾಡಿಗೆ ಹೋಗಿರಬಹುದು ಎಂಬ ಅನುಮಾನದಿಂದ ನಾಯಿಗಳಿಗೆ ಲಸಿಕೆ ಹಾಕುವ ಕೆಲಸವೂ ನಡೆಯಿತು.

ಚೆನ್ನೈ ಸುತ್ತ ಸಿಂಹವಿಲ್ಲ, ನರಿ ಇದೆ, ಪುನುಗುಬೆಕ್ಕು ಇದೆ, ಮುಂಗುಸಿ ಇದೆ. ಹಾಗಾಗಿ ರೇಬೀಸ್ ಲಸಿಕೆ ಜತೆಗೆ ಡಿಸ್ಟೆಂಪರ್, ಪಾರ್ವೊ, ಲೆಪ್ಟೊಸ್ಪೈರೋಸಿಸ್ ಸೇರಿದ ಲಸಿಕೆಯೂ ಬಾಕಿ ಇಲ್ಲದಂತೆ ನೋಡಿಕೊಂಡೇ ಹೊರಡಿ. ಲೆಪ್ಟೊ ಇಲಿ ಮೂತ್ರ ಬೆರೆತ ನೀರಿನಿಂದ ಬರುತ್ತದೆ, ಮನುಷ್ಯರಿಗೂ ಅಂಟುತ್ತದೆ. ಮಳೆ ನಂತರ ನಿಂತ ಹೊಂಡ, ಕೆರೆಯಂಚಿನ ಪಾಚಿ ನೀರು ಕುಡಿಯಲು ಬಿಡಬೇಡಿ. ಮನೆಯಿಂದಲೇ ಬಾಟಲಿ, ಒಂದು ಬಟ್ಟಲು ಒಯ್ದರೆ ಆಯಿತು. ಮಲವನ್ನು ಚೀಲದಲ್ಲಿ ಹಾಕಿ ವಾಪಸ್ ತರುವುದು ಕಾಡಿನಲ್ಲೂ ಅಗತ್ಯ, ಜಂತು ಮತ್ತು ಪಾರ್ವೊ ಅದರಿಂದಲೇ ಹರಡುತ್ತವೆ.

ಬಿಸಿಲು, ಹಾವು

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಗುತ್ತಾ ಒಳಗಿನ ತೇವ ಆರಿಸಿಕೊಂಡೇ ಮೈ ತಣಿಸಿಕೊಳ್ಳಬೇಕು. ಗಾಳಿಯಲ್ಲೇ ತೇವ ತುಂಬಿದ್ದರೆ ಅದು ಆರುವುದಿಲ್ಲ. ಬೆಂಗಳೂರಿನ 34 ಡಿಗ್ರಿಗೂ ಚೆನ್ನೈಯ 34 ಡಿಗ್ರಿಗೂ ನಾಯಿಯ ಮಟ್ಟಿಗೆ ಬಹಳ ವ್ಯತ್ಯಾಸವಿದೆ. ಬೆಂಗಳೂರಿನಿಂದ ವರ್ಗವಾಗಿ ಬಂದವರು ಎಡವುವುದು ಇಲ್ಲಿ. ನಾಯಿಯ ಸಹಜ ತಾಪಮಾನ ಸುಮಾರು 38ರಿಂದ 39 ಡಿಗ್ರಿ, 41ರ ಹತ್ತಿರ ಹೋದರೆ ಜೀವಕ್ಕೆ ಅಪಾಯ. ಮಾರ್ಚ್‌ನಿಂದ ಜೂನ್ ತನಕ ನಡಿಗೆ ಬೆಳಗ್ಗೆ ಏಳರೊಳಗೆ ಮುಗಿಯಬೇಕು. ಅಗ್ನಿ ನಕ್ಷತ್ರದ ದಿನಗಳಲ್ಲಿ ತೋಪಿನ ಯೋಚನೆಯೇ ಬೇಡ. ರಸ್ತೆಗೆ ಅಂಗೈ ಹಿಂಬದಿ ಒತ್ತಿ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಅಂಗಾಲೂ ಅದನ್ನು ತಡೆಯದು. ತೂರಾಡುವುದು, ಜೊಲ್ಲು ಗಟ್ಟಿಯಾಗುವುದು, ಒಸಡು ಕಡುಗೆಂಪಾಗುವುದು ಕಂಡರೆ ನೆರಳಿಗೆ ತಂದು ಮೈಮೇಲೆ ಸಾಧಾರಣ ತಣ್ಣೀರು ಸುರಿಯುತ್ತಾ, ಗಾಳಿ ಬೀಸುತ್ತಾ ಆಸ್ಪತ್ರೆಗೆ ಓಡಬೇಕು.

ಹಾವಿನ ವಿಷಯದಲ್ಲಿ ಚೆನ್ನೈಗೆ ಒಂದು ವಿಶೇಷವಿದೆ. ದೇಶದಲ್ಲಿ ಹಾವಿನ ವಿಷಕ್ಕೆ ಮದ್ದು ತಯಾರಿಸಲು ಬೇಕಾದ ವಿಷವನ್ನು ಒದಗಿಸುವ ಇರುಳ ಹಾವುಹಿಡಿಯುವವರ ಸಹಕಾರ ಸಂಘ ಇರುವುದು ಇದೇ ಈಸ್ಟ್ ಕೋಸ್ಟ್ ರೋಡ್‌ನ ವಡನೆಮ್ಮೇಲಿಯಲ್ಲಿ. 1978ರಲ್ಲಿ ಆರಂಭವಾದ ಸಂಘದ ಇರುಳರು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಹಿಡಿದು, ವಿಷ ತೆಗೆದು, ಮತ್ತೆ ಬಿಡುತ್ತಾರೆ. ಅಂದರೆ ನೀವು ನಡೆಯಲು ಹೊರಟಿರುವ ಕರಾವಳಿ ಬಯಲಿನಲ್ಲಿ ಈ ಹಾವುಗಳಿವೆ ಎಂದೇ ಅರ್ಥ. ನಾಯಿಗೆ ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಮೂತಿಗೆ ಅಥವಾ ಮುಂಗಾಲಿಗೆ, ಏಕೆಂದರೆ ಪೊದೆಗೆ ಮೊದಲು ನುಗ್ಗುವುದು ಮೂಗು. ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ನಡೆಸಬೇಡಿ, ಎತ್ತಿಕೊಂಡು ಹೊರಡಿ. ನಾಯಿಗೂ ಮನುಷ್ಯರಿಗೆ ಕೊಡುವ ಅದೇ ಪ್ರತಿವಿಷ ಬೇಕು, ಎಲ್ಲ ಕ್ಲಿನಿಕ್‌ನಲ್ಲೂ ಅದು ಇರುವುದಿಲ್ಲ. ಆದ್ದರಿಂದ ಹೊರಡುವ ಹಿಂದಿನ ದಿನವೇ ದಾರಿಯಲ್ಲಿ ಯಾರ ಬಳಿ ಇದೆ ಎಂದು ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ನಗರದಲ್ಲಿ ವೇಪೇರಿಯ ಮದ್ರಾಸ್ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಎಲ್ಲರಿಗೂ ಗೊತ್ತಿರುವ ದೊಡ್ಡ ಆಸ್ಪತ್ರೆ. ಕಾಲೇಜು 1903ರಿಂದಲೂ ಇದೆ.

ದೂರ ಹೋಗುವುದಾದರೆ

ಯೇಲಗಿರಿ ಬೆಟ್ಟ ಸುಮಾರು 230 ಕಿಲೋಮೀಟರ್, ಒಂದು ರಾತ್ರಿ ಉಳಿದು ಬರಲು ಸಾಕು. ಊರಿನ ನೆನಪಾಗಿ ಚಿಕ್ಕಮಗಳೂರು, ಕೊಡಗಿನ ತೋಟದ ಹೋಂಸ್ಟೇಗೆ ನಾಯಿ ಸಮೇತ ಹೋಗುವವರೂ ಇದ್ದಾರೆ. ರೈಲಿನಲ್ಲಾದರೆ ಫಸ್ಟ್ ಕ್ಲಾಸ್‌ನಲ್ಲಿ ಎರಡು ಅಥವಾ ನಾಲ್ಕು ಬರ್ತ್‌ನ ಇಡೀ ಕೋಣೆ ನಿಮ್ಮ ಹೆಸರಿಗೇ ಇದ್ದರೆ ಮಾತ್ರ ನಾಯಿ ಜತೆಗಿರಬಹುದು. ಇಲ್ಲದಿದ್ದರೆ ಬ್ರೇಕ್ ವ್ಯಾನ್‌ನ ನಾಯಿ ಪೆಟ್ಟಿಗೆಯೇ ಗತಿ, ಅದನ್ನು ನಾವು ಶಿಫಾರಸು ಮಾಡುವುದಿಲ್ಲ. ಸ್ಲೀಪರ್, ಎಸಿ ಟೂ ಟಯರ್, ತ್ರೀ ಟಯರ್, ಚೇರ್ ಕಾರ್‌ಗಳಲ್ಲಿ ಅವಕಾಶವಿಲ್ಲ. ಲಸಿಕೆ ಪತ್ರ ಕೈಯಲ್ಲಿರಲಿ.

ಮಲೆನಾಡು ತಲುಪಿದ ಮೇಲೆ ಕತ್ತಲಾದ ನಂತರ ನಾಯಿಯನ್ನು ಒಳಗೇ ಇಟ್ಟುಕೊಳ್ಳಿ. ಚಿರತೆಗೆ ನಾಯಿ ಎಂದರೆ ಸುಲಭದ ಊಟ. ಮಹಾರಾಷ್ಟ್ರದ ಅಕೋಲೆ ಭಾಗದಲ್ಲಿ ಚಿರತೆಗಳ ಆಹಾರದಲ್ಲಿ ನಾಯಿಗಳದ್ದೇ ದೊಡ್ಡ ಪಾಲು ಎಂದು ಅಧ್ಯಯನವೊಂದು ಕಂಡುಕೊಂಡಿತ್ತು. ಬಂಡೀಪುರ, ಮುದುಮಲೈ ರಸ್ತೆಯಲ್ಲಿ ವಾಹನ ನಿಲ್ಲಿಸಿ ಇಳಿಯುವುದೇ ನಿಷಿದ್ಧ, ನಾಯಿಗೆ ಮೂತ್ರಕ್ಕೆಂದು ಅಲ್ಲಿ ಇಳಿಸಬೇಡಿ. ಚೆಕ್‌ಪೋಸ್ಟ್‌ಗೆ ಮೊದಲೇ ಆ ಕೆಲಸ ಮುಗಿಸಿ.

ಮನೆಗೆ ಬಂದ ಮೇಲೆ ಹತ್ತು ನಿಮಿಷದ ಕೆಲಸ ಬಾಕಿ ಇರುತ್ತದೆ. ಮನೆಯೊಳಗೆ ಬಿಡುವ ಮುನ್ನ ಬಾಲ್ಕನಿಯಲ್ಲಿ ಬೆಳಕಿಗೆ ನಿಲ್ಲಿಸಿ ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು, ಕಾಲ್ಬೆರಳ ಸಂದಿ, ಬಾಲದ ಕೆಳಗೆ ಬೆರಳಾಡಿಸಿ. ಮುಳ್ಳುತುದಿಯ ಹುಲ್ಲಿನ ಬೀಜ ಸಿಕ್ಕಿಕೊಳ್ಳುವುದೂ ಇದೇ ಜಾಗಗಳಲ್ಲಿ. ಉಣ್ಣೆ ಸಿಕ್ಕರೆ ಸೀಮೆಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಬೇಡ. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಬರಿಗೈಯಲ್ಲಿ ಹಿಸುಕಬೇಡಿ, ಸ್ಪಿರಿಟ್ ಇರುವ ಶೀಶೆಗೆ ಹಾಕಿ. ಬಬೇಸಿಯಾ ದಾಟಲು ಉಣ್ಣೆ ಸಾಮಾನ್ಯವಾಗಿ ಎರಡು-ಮೂರು ದಿನ ಕಚ್ಚಿ ಕುಳಿತಿರಬೇಕು, ಎರ್ಲಿಕಿಯಾಗೆ ಕೆಲವೇ ಗಂಟೆ ಸಾಕು. ಹಾಗಾಗಿ ನಾಳೆ ಸ್ನಾನ ಮಾಡಿಸುವಾಗ ನೋಡಿದರಾಯಿತು ಎನ್ನದೆ ಅಂದೇ ನೋಡಿ. ಆಮೇಲೆ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಒಂದು ಗುರುತು, ಅಲ್ಲಿಂದ ಮೂರು ವಾರಕ್ಕೆ ಇನ್ನೊಂದು ಗುರುತು ಹಾಕಿಡಿ. ಆ ನಡುವೆ ನಾಯಿ ಒಂದು ಹೊತ್ತು ತಟ್ಟೆ ಬಿಟ್ಟು ಎದ್ದರೂ ವೈದ್ಯರಿಗೆ ಹೇಳಬೇಕಾದ ಮೊದಲ ಮಾತು, ಯಾವ ತಾರೀಖಿಗೆ ಎಲ್ಲಿಗೆ ಹೋಗಿದ್ದಿರಿ ಎಂಬುದು.